ಪೊರೆಯು ಬರಿಯ ಗೋಡೆಯಲ್ಲ

ಶಾಲೆಯ ಜೀವಶಾಸ್ತ್ರದ ಪಾಠದಲ್ಲಿ ಜೀವಕೋಶದ ಪೊರೆಗೆ ಸಲ್ಲುವುದು ಗೋಡೆಯ ಸ್ಥಾನ. ಕಪ್ಪುಹಲಗೆಯ ಮೇಲೆ ಬಾಲವುಳ್ಳ ಗೋಲಿಗಳ ಎರಡು ಸಾಲುಗಳನ್ನು ಬರೆದು ಪಾಠವು ಮುಂದೆ ಸಾಗುತ್ತದೆ. ಆ ಚಿತ್ರವು ಸುಳ್ಳಲ್ಲ. ಆದರೆ ಎರಡು ಸಾಲುಗಳನ್ನೂ ಒಂದೇ ಬಗೆಯಾಗಿ ಬರೆಯುವುದರಿಂದ ವಿಷಯದ ತಿರುಳೇ ಕೈತಪ್ಪುತ್ತದೆ.

ಲಿಪಿಡ್ ಅಣುವಿನ ತಲೆಗೆ ನೀರು ಪ್ರಿಯ, ಬಾಲಕ್ಕೆ ಅಪ್ರಿಯ. ನೀರಿನಲ್ಲಿ ಈ ಅಣುಗಳು ಯಾರ ಅಪ್ಪಣೆಯನ್ನೂ ಕಾಯದೆ, ಬಾಲಗಳನ್ನು ಒಳಗಡಗಿಸಿಕೊಂಡು ಇಮ್ಮಡಿ ಪದರವಾಗಿ ತಾವೇ ಅಣಿಗೊಳ್ಳುತ್ತವೆ. 1925ರಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬ ಡಚ್ ವಿಜ್ಞಾನಿಗಳು ಕೆಂಪು ರಕ್ತಕಣಗಳ ಲಿಪಿಡನ್ನು ನೀರಿನ ಮೇಲೆ ಹರಡಿ, ಅದು ಕಣಗಳ ಮೇಲ್ಮೈಯ ಎರಡರಷ್ಟು ವಿಸ್ತಾರವನ್ನು ಆವರಿಸುವುದೆಂದು ಕಂಡರು. (ಅವರ ಅಳತೆಯಲ್ಲಿದ್ದ ಎರಡು ದೋಷಗಳು ಒಂದನ್ನೊಂದು ಸರಿದೂಗಿಸಿದ್ದರಿಂದ ತೀರ್ಮಾನವು ನಿಂತಿತು. ವಿದ್ಯಾರ್ಥಿಗಳಿಗೆ ಇದನ್ನೂ ಹೇಳಬೇಕು.)

ಆದರೆ ಒಳಸಾಲು ಹೊರಸಾಲಿನಂತಿಲ್ಲ. ಫಾಸ್ಫಟಿಡೈಲ್ ಸೆರೀನ್ ಎಂಬ ಲಿಪಿಡ್ ಸ್ವಸ್ಥ ಕೋಶದಲ್ಲಿ ಬಹುತೇಕ ಒಳಸಾಲಿನಲ್ಲಿಯೇ ಇರುತ್ತದೆ. ಹೊರಗೆ ಜಾರಿದ್ದನ್ನು ಒಳಕ್ಕೆ ಮರಳಿಸಲು ಕೆಲವು ಪ್ರೋಟೀನುಗಳು ಎಡೆಬಿಡದೆ ಎಟಿಪಿಯನ್ನು ವ್ಯಯಿಸುತ್ತವೆ. ಇಷ್ಟು ದುಬಾರಿಯಾದ ಬಚ್ಚಿಡುವಿಕೆ ಏತಕ್ಕೆ? ಗಾಯವಾದಾಗ ಉತ್ತರವು ದೊರೆಯುತ್ತದೆ. ರಕ್ತದ ಕಿರುತಟ್ಟೆಗಳು ಪ್ರಚೋದನೆಗೊಂಡು ಅವುಗಳೊಳಗೆ ಕ್ಯಾಲ್ಸಿಯಂ ಏರಿದೊಡನೆ ಬೇರೊಂದು ಪ್ರೋಟೀನು ಎರಡು ಸಾಲುಗಳನ್ನೂ ಕಲಸುತ್ತದೆ. ಅಡಗಿದ್ದ ಲಿಪಿಡ್ ಹೊರಮೈಯಲ್ಲಿ ಪ್ರಕಟವಾಗುತ್ತದೆ. ರಕ್ತವನ್ನು ಹೆಪ್ಪುಗಟ್ಟಿಸುವ ಪ್ರೋಟೀನುಗಳಿಗೆ ಆಗ ಹಿಡಿತ ಸಿಗುತ್ತದೆ. ವಿಟಮಿನ್ ಕೆ ನೆರವಿನಿಂದ ಸಿದ್ಧವಾದವು ಕ್ಯಾಲ್ಸಿಯಂ ಅಯಾನುಗಳ ಮೂಲಕ ಆ ಮೇಲ್ಮೈಗೆ ಅಂಟುತ್ತವೆ. ದ್ರವದಲ್ಲಿ ಚದುರಿ ಅಲೆಯುತ್ತಿದ್ದವು ಒಂದೇ ಜಗಲಿಯ ಮೇಲೆ ಕೂಡಿದಂತಾಗಿ, ಥ್ರಾಂಬಿನ್ ತಯಾರಿಕೆ ಸಾವಿರಾರು ಪಟ್ಟು ತ್ವರೆಗೊಳ್ಳುತ್ತದೆ.

ಈ ಲಿಪಿಡ್ ಸದಾ ಹೊರಗಿದ್ದರೆ ನಾಳದೊಳಗೇ ರಕ್ತ ಹೆಪ್ಪುಗಟ್ಟುವ ಭಯ. ಬೇಕಾದಾಗ ಬಾರದಿದ್ದರೆ ರಕ್ತಸ್ರಾವ. ಎರಡನೆಯದಕ್ಕೆ 1979ರಲ್ಲಿ ವರದಿಯಾದ ಸ್ಕಾಟ್ ರೋಗವೇ ಸಾಕ್ಷಿ. ಸಾಲುಗಳನ್ನು ಕಲಸುವ ಪ್ರೋಟೀನು ಯಾವುದೆಂಬುದು 2010ರಲ್ಲಿ ಬಯಲಾಯಿತು. ಸಾಯುತ್ತಿರುವ ಕೋಶವೂ ಇದೇ ಲಿಪಿಡನ್ನು ಹೊರತೋರುವುದರಿಂದ ಭಕ್ಷಕ ಕೋಶಗಳು ಅದನ್ನು ಗುರುತಿಸಿ ನುಂಗುತ್ತವೆಂದು 1992ರಲ್ಲಿ ತೋರಿಸಲಾಯಿತು.

ಇದೆಲ್ಲ ಉನ್ನತ ವ್ಯಾಸಂಗಕ್ಕೆ ಸೇರಿದ್ದು, ಪ್ರೌಢಶಾಲೆಗೆ ಹೊರೆ ಎಂಬ ಆಕ್ಷೇಪ ಬರಬಹುದು. ಅದರಲ್ಲಿ ಹುರುಳಿಲ್ಲ. ಮೊಣಕಾಲು ತರಚಿಕೊಳ್ಳದ ವಿದ್ಯಾರ್ಥಿಯಾದರೂ ಯಾವನು? ಹೆಸರುಗಳನ್ನು ಕಂಠಪಾಠ ಮಾಡಿಸುವ ಅಗತ್ಯವೂ ಇಲ್ಲ. ಅಧ್ಯಾಪಕರು ಒಳಸಾಲಿನ ಕೆಲವು ಗೋಲಿಗಳಿಗೆ ಕೆಂಪು ಸೀಮೆಸುಣ್ಣ ಬಳಸಿ, ಗಾಯದ ಕಥೆ ಬಂದಾಗ ಅವನ್ನು ಅಳಿಸಿ ಹೊರಸಾಲಿನಲ್ಲಿ ಬರೆದರೆ ಸಾಕು.