ಮಕ್ಕಳಿಗೊಂದು ನಮ್ಮದೇ ವೀಡಿಯೋ ಕಿಟಕಿ



ಹೆಗ್ಗನಹಳ್ಳಿ, ಸುಂಕದಕಟ್ಟೆಯ ಕಡೆ ತಂದೆ ತಾಯಿ ಇಬ್ಬರೂ ಪೀಣ್ಯದ ಕಾರ್ಖಾನೆ, ಗಾರ್ಮೆಂಟ್ಸ್‌ಗಳಿಗೆ ದುಡಿಯಲು ಹೋಗುವ ಮನೆಗಳಿವೆ. ಶಾಲೆ ಬಿಟ್ಟು ಬಂದ ಮಕ್ಕಳಿಗೆ ಕಂಪ್ಯೂಟರೇ ಜೊತೆ. ಪಾಠ ನೋಡಲು ಯೂಟ್ಯೂಬ್ ತೆರೆದರೆ ಅದರ ಪಕ್ಕದಲ್ಲೇ ಬೇಡದ್ದೂ ಇಣುಕುತ್ತದೆ. ಹಾಗೆಂದು ಕಂಪ್ಯೂಟರನ್ನೇ ಮುಚ್ಚಿಟ್ಟರೆ ಕಲಿಕೆಯ ಬಾಗಿಲೂ ಮುಚ್ಚುತ್ತದೆ. ನಾವು ಆರಿಸಿಟ್ಟ ವೀಡಿಯೋಗಳನ್ನಷ್ಟೇ ತೋರಿಸುವ ಕಿಟಕಿಯೊಂದನ್ನು ನಾವೇ ತಯಾರಿಸಿಕೊಳ್ಳಬಹುದು.

ಬೇಕಾದ ತಂತ್ರಾಂಶ ಎರಡು, ಎರಡೂ ಉಚಿತ. ಒಂದು, ಗೈಡೋ ವಾನ್ ರೋಸಮ್ 1991ರಲ್ಲಿ ಹೊರತಂದ ಪೈಥಾನ್ ಭಾಷೆ. ಇನ್ನೊಂದು, ಪ್ಯಾರಿಸಿನ ವಿದ್ಯಾರ್ಥಿಗಳು 1996ರಲ್ಲಿ ಆರಂಭಿಸಿದ ಯೋಜನೆಯಿಂದ ಬಂದ ವಿಎಲ್‌ಸಿ ಪ್ಲೇಯರ್.

ಪೈಥಾನ್ ಜೊತೆ ಬರುವ ಟಿಕಿಂಟರ್ ಕಿಟಕಿ, ಗುಂಡಿಗಳನ್ನು ರಚಿಸುತ್ತದೆ. ಆದರೆ ಅದಕ್ಕೆ ವೀಡಿಯೋ ನಡೆಸಲು ಬರುವುದಿಲ್ಲ. ವೀಡಿಯೋ ಎಂದರೆ ಸೆಕೆಂಡಿಗೆ ಸಾಮಾನ್ಯವಾಗಿ 24ರಿಂದ 30 ಚಿತ್ರಗಳನ್ನು ಒತ್ತಿ ಕಟ್ಟಿದ ಗಂಟು. ಅದನ್ನು ಬಿಚ್ಚುವ ಕೆಲಸ ವಿಎಲ್‌ಸಿಯದು. ಇಬ್ಬರನ್ನೂ ಬೆಸೆಯಲು 'ಪೈಥಾನ್-ವಿಎಲ್‌ಸಿ' ಎಂಬ ಜೋಡಣೆಯನ್ನು ಪಿಪ್ ಮೂಲಕ ಹಾಕಿಕೊಳ್ಳಬೇಕು.

ಗುಟ್ಟು ಇಷ್ಟೇ: ಪ್ರತಿ ಕಿಟಕಿಗೂ ಕಂಪ್ಯೂಟರ್ ಒಂದು ಸಂಖ್ಯೆ ಕೊಟ್ಟಿರುತ್ತದೆ, ಮನೆಗೆ ಡೋರ್ ನಂಬರ್ ಇದ್ದಂತೆ. ಆ ಸಂಖ್ಯೆಯನ್ನು ವಿಎಲ್‌ಸಿಗೆ ತಿಳಿಸಿದರೆ ಚಿತ್ರ ನಮ್ಮ ಕಿಟಕಿಯೊಳಗೇ ಮೂಡುತ್ತದೆ. ತಿಳಿಸದಿದ್ದರೆ ಅದು ತನ್ನದೇ ಬೇರೆ ಕಿಟಕಿ ತೆರೆಯುತ್ತದೆ. ಸಂಖ್ಯೆ ತಿಳಿಸುವ ಆಜ್ಞೆ ವಿಂಡೋಸ್‌ನಲ್ಲಿ ಒಂದು, ಲಿನಕ್ಸ್‌ನಲ್ಲಿ ಇನ್ನೊಂದು.

ಎರಡು ಎಚ್ಚರಿಕೆ. ಪೈಥಾನ್ 64 ಬಿಟ್‌ನದಾದರೆ ವಿಎಲ್‌ಸಿಯೂ 64 ಬಿಟ್‌ನದೇ ಇರಲಿ, ಇಲ್ಲವಾದರೆ ಒಂದಕ್ಕೊಂದು ಸೇರುವುದಿಲ್ಲ. ವೀಡಿಯೋ ಮುಗಿಯಿತೇ ಎಂದು ಬಿಡುವಿಲ್ಲದೆ ಪರೀಕ್ಷಿಸುವ ಸುತ್ತು ಬರೆದರೆ ಕಿಟಕಿ ಸ್ತಬ್ಧವಾಗುತ್ತದೆ. ಅದರ ಬದಲು ಟಿಕಿಂಟರಿನ 'ಆಫ್ಟರ್' ಬಳಸಿ ಅರ್ಧ ಸೆಕೆಂಡಿಗೊಮ್ಮೆ ನೋಡಿದರೆ ಸಾಕು.

ಕಿಟಕಿಯೊಳಗೆ ಏನಿಡುವುದು? ಮುಂಬಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡದ ಕಂಪ್ಯೂಟರ್ ಪಾಠಗಳೂ ಇವೆ. ಅವುಗಳನ್ನು ಇಳಿಸಿಕೊಂಡು ಒಂದು ಫೋಲ್ಡರಿನಲ್ಲಿಟ್ಟರೆ ಇಂಟರ್‌ನೆಟ್ ಇಲ್ಲದೆಯೂ ನೋಡಬಹುದು.

ಒಂದು ಮಾತು ನೆನಪಿರಲಿ. ಈ ಕಿಟಕಿ ಬೀಗವಲ್ಲ. ಮಗು ಅದನ್ನು ಮುಚ್ಚಿ ಬ್ರೌಸರ್ ತೆರೆಯಬಲ್ಲದು. ಮಕ್ಕಳು ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್. ಆ ಹೊಣೆಯನ್ನು ಯಂತ್ರಕ್ಕೆ ವಹಿಸಿ ಕೂರುವಂತಿಲ್ಲ. ಆದ್ದರಿಂದ ಈ ಪ್ರೋಗ್ರಾಂ ಅನ್ನು ಹೈಸ್ಕೂಲಿಗೆ ಹೋಗುವ ಮಗಳಿಂದಲೇ ಬರೆಸಿರಿ, ಪಕ್ಕದಲ್ಲಿ ನೀವೂ ಕುಳಿತುಕೊಳ್ಳಿರಿ. ತಮ್ಮ ತಂಗಿಯರು ಏನು ನೋಡಬೇಕೆಂದು ಅವಳೇ ಯೋಚಿಸತೊಡಗಿದರೆ, ನೀವು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಮನೆಯಲ್ಲಿ ಕಾವಲಿಗೆ ಒಬ್ಬರಿದ್ದಂತೆ.