ಹಾರಿಸಿದವರಿಗೆ ಹಾರ, ಕಾದವರಿಗೆ ಏನು?



ಕಳೆದ ತಿಂಗಳು ಬಿಜೈಯಲ್ಲಿ ನಮ್ಮ ಹತ್ತಿರದ ಬಂಧುವೊಬ್ಬರ ಗೃಹಪ್ರವೇಶವಿತ್ತು. ಊಟಕ್ಕೆ ಎಲೆ ಹಾಕಲು ಇನ್ನೂ ಹೊತ್ತಿತ್ತು. ಚಪ್ಪರದ ಕೆಳಗೆ ಕುಳಿತವರ ಮಾತು ಮಳೆಯಿಂದ ಆರಂಭವಾಗಿ ಹವಾಮಾನ ಇಲಾಖೆಗೆ, ಅಲ್ಲಿಂದ ಉಪಗ್ರಹಗಳಿಗೆ ಏರಿತು. ಸಂಬಂಧದಲ್ಲಿ ನನಗೆ ಅಳಿಯನಾಗಬೇಕಾದ, ಇಂಜಿನಿಯರಿಂಗ್ ಓದಿದ ತರುಣನೊಬ್ಬ, "ಮಾವ, ಆ ಮೇಘಾ-ಟ್ರಾಪಿಕ್ಸ್ ಇತ್ತಲ್ಲ, ಅದು ಹೋದ ಎರಡು ವರ್ಷದೊಳಗೆ ಹಾಳಾದದ್ದು. ಆಮೇಲೆ ಹತ್ತು ವರ್ಷ ಸುಮ್ಮನೆ ಸಾಕಿ, ಕಡೆಗೆ ಸಮುದ್ರಕ್ಕೆ ಬಿಸಾಡಿದರು. ಎಂತ ಪ್ರಯೋಜನ ಹೇಳಿ?" ಎಂದ. ಸುತ್ತಲಿದ್ದವರು ನಕ್ಕರು. ನಾನು ಬಾಯಿ ತೆರೆಯುವಷ್ಟರಲ್ಲಿ ಊಟಕ್ಕೆ ಕರೆ ಬಂತು. ಎಲೆಯ ಮುಂದೆ ವಾದ ಸಲ್ಲದು. ಅಂದು ಅನ್ನದೊಂದಿಗೆ ನುಂಗಿಕೊಂಡ ಉತ್ತರವನ್ನು ಇಂದು ಇಲ್ಲಿ ಬರೆಯುತ್ತಿದ್ದೇನೆ. ಅಳಿಯನೂ ಇದನ್ನು ಓದುತ್ತಾನೆಂಬುದು ನನಗೆ ಗೊತ್ತು.

ಮೊದಲು ಸಂಗತಿ ಏನೆಂದು ನೋಡೋಣ. ಮೇಘಾ-ಟ್ರಾಪಿಕ್ಸ್ ಭಾರತ ಮತ್ತು ಫ್ರಾನ್ಸ್ ಕೂಡಿ ನಿರ್ಮಿಸಿದ ಉಪಗ್ರಹ. ಹೆಸರಿನ ಮೊದಲರ್ಧ ಸಂಸ್ಕೃತದ ಮೋಡ, ಉಳಿದರ್ಧ ಫ್ರೆಂಚ್ ಭಾಷೆಯ ಉಷ್ಣವಲಯ. 2011ರ ಅಕ್ಟೋಬರ್ 12ರಂದು ಶ್ರೀಹರಿಕೋಟಾದಿಂದ ಪಿಎಸ್ಎಲ್‌ವಿ ರಾಕೆಟ್ ಅದನ್ನು 867 ಕಿಲೋಮೀಟರ್ ಎತ್ತರಕ್ಕೆ ಒಯ್ದಿತು. ಸಮಭಾಜಕ ವೃತ್ತಕ್ಕೆ ಕೇವಲ 20 ಡಿಗ್ರಿ ವಾಲಿದ ಕಕ್ಷೆ ಅದರದು. ಧ್ರುವಗಳ ಮೇಲೆ ಹಾದುಹೋಗುವ ಉಪಗ್ರಹಗಳು ನಮ್ಮಂತಹ ಊರನ್ನು ದಿನಕ್ಕೆ ಒಂದೆರಡು ಬಾರಿ ನೋಡಿದರೆ ಹೆಚ್ಚು. ಇದಾದರೋ ಉಷ್ಣವಲಯವನ್ನೇ ಮತ್ತೆ ಮತ್ತೆ ಸುತ್ತುತ್ತ ಒಂದೇ ದಿನದಲ್ಲಿ ಹಲವು ಬಾರಿ ನೋಡುತ್ತಿತ್ತು. 13 ಡಿಗ್ರಿ ಅಕ್ಷಾಂಶದ ಬಳಿಯಿರುವ ನಮ್ಮ ಮಂಗಳೂರು ಅದರ ದಾರಿಯಲ್ಲಿಯೇ ಇತ್ತು. ಬೆಳಿಗ್ಗೆ ಇಲ್ಲದ ಮೋಡ ಮಧ್ಯಾಹ್ನಕ್ಕೆ ಕವಿದು ಸಂಜೆಗೆ ಸುರಿದು ಹೋಗುವ ನಾಡಿಗೆ ಹೀಗೆ ಪದೇ ಪದೇ ನೋಡುವ ಕಣ್ಣೇ ಬೇಕು.

ಅದರ ಉಪಕರಣಗಳಲ್ಲಿ ಪ್ರಧಾನವಾದುದು ಮದ್ರಾಸ್ ಎಂಬ ಮೈಕ್ರೋವೇವ್ ಮಾಪಕ. ತಿರುಗುತ್ತ ತಿರುಗುತ್ತ ಮಳೆಯನ್ನೂ ಮೋಡದೊಳಗಿನ ನೀರು-ಹಿಮಗಳನ್ನೂ ಅಳೆಯಬೇಕಾಗಿದ್ದ ಯಂತ್ರ. 2013ರ ಜನವರಿಯಲ್ಲಿ ಅದನ್ನು ತಿರುಗಿಸುವ ವ್ಯವಸ್ಥೆಯೇ ಕೆಟ್ಟಿತು. ಇದು ದೊಡ್ಡ ನಷ್ಟ, ಅಳಿಯನ ಮಾತಿನಲ್ಲಿ ಇಷ್ಟು ಸತ್ಯವಿದೆ. ಆದರೆ ಸಫೀರ್ ಎಂಬ ಇನ್ನೊಂದು ಉಪಕರಣ ಗಾಳಿಯ ತೇವಾಂಶವನ್ನು ಅಳೆಯುತ್ತಲೇ ಇತ್ತು. ಸ್ಕಾರಬ್ ಎಂಬ ಮತ್ತೊಂದು, ಭೂಮಿ ಸೂರ್ಯನಿಂದ ಪಡೆದು ಹಿಂದಿರುಗಿಸುವ ಶಾಖದ ಲೆಕ್ಕವಿಡುತ್ತಿತ್ತು. ಮೂರು ವರ್ಷದ ಆಯುಷ್ಯವೆಂದು ಕಳುಹಿಸಿದ ಉಪಗ್ರಹ 2021ರ ತನಕ ಹವಾಮಾನದ ಮಾದರಿಗಳಿಗೆ ಮಾಹಿತಿ ಒದಗಿಸಿತು. ಮೂರು ವರ್ಷಕ್ಕೆಂದು ಕೊಂಡ ಎತ್ತು ಒಂದು ಕಣ್ಣು ಹೋದ ಮೇಲೆಯೂ ಹತ್ತು ವರ್ಷ ಉತ್ತರೆ, ಅದನ್ನು ಹಾಳಾದ ಎತ್ತು ಎನ್ನುವ ರೈತ ನಮ್ಮ ಜಿಲ್ಲೆಯಲ್ಲಿ ಯಾರಿದ್ದಾನೆ?

ನನ್ನ ತಕರಾರು ಒಂದು ಉಪಗ್ರಹದ ಮಾನಾಪಮಾನಕ್ಕೆ ಸಂಬಂಧಿಸಿದ್ದಲ್ಲ. ನಮ್ಮ ಸಮಾಜಕ್ಕೆ ಹಾರಿಸುವುದು ಮಾತ್ರ ಕಾಣುತ್ತದೆ, ಕಾಯುವುದು ಕಾಣುವುದಿಲ್ಲ. ರಾಕೆಟ್ ಏರುವ ಬೆಳಗ್ಗೆ ಟಿ.ವಿ.ಯ ಮುಂದೆ ಮನೆಮಂದಿಯೆಲ್ಲ ಸೇರುತ್ತಾರೆ, ಪಟಾಕಿ ಸಿಡಿಯುತ್ತದೆ, ಪತ್ರಿಕೆಗಳ ಮುಖಪುಟ ತುಂಬುತ್ತದೆ. ಏರುವ ಕೆಲಸ ಹೆಚ್ಚೆಂದರೆ ಅರ್ಧ ಗಂಟೆಯದು. ಮುಂದಿನ ಹತ್ತು ವರ್ಷ ಆ ಯಂತ್ರದ ನಾಡಿ ಹಿಡಿದು ಕುಳಿತವರ ಹೆಸರು ಯಾವ ಪುಟದಲ್ಲಿಯೂ ಇಲ್ಲ.

"ಉಪಗ್ರಹ ತಾನಾಗಿಯೇ ಸುತ್ತುತ್ತದಲ್ಲ, ನೋಡಿಕೊಳ್ಳುವುದೇನು?" ಎಂದು ಕೇಳುವವರಿದ್ದಾರೆ. ಕೇಳಿ. ಈ ಉಪಗ್ರಹ ದಿನಕ್ಕೆ ಸುಮಾರು 14 ಬಾರಿ ಭೂಮಿಯನ್ನು ಸುತ್ತುತ್ತಿತ್ತು. ಒಂದು ನೆಲದಾಣದ ಆಂಟೆನಾಕ್ಕೆ ಪ್ರತಿ ಸುತ್ತಿನಲ್ಲಿ ಅದು ಕಾಣುವುದು ಹತ್ತು-ಹದಿನೈದು ನಿಮಿಷ. ಅಷ್ಟರಲ್ಲಿ ಅದು ಸಂಗ್ರಹಿಸಿದ ಮಾಹಿತಿಯನ್ನು ಇಳಿಸಿಕೊಳ್ಳಬೇಕು. ಬ್ಯಾಟರಿಯ ವೋಲ್ಟೇಜ್ ಎಷ್ಟು, ಸೌರಫಲಕ ಕೊಡುವ ವಿದ್ಯುತ್ ಎಷ್ಟು, ಒಂದೊಂದು ಪೆಟ್ಟಿಗೆಯ ಉಷ್ಣತೆ ಎಷ್ಟು, ದಿಕ್ಕನ್ನು ಸ್ಥಿರವಾಗಿಡುವ ಚಕ್ರಗಳ ವೇಗ ಎಷ್ಟು ಎಂದು ನೋಡಬೇಕು. ನಿನ್ನೆಗಿಂತ ಇಂದು ಒಂದು ಅಂಕಿ ಸರಿದಿದ್ದರೆ ಕಾರಣ ಹುಡುಕಬೇಕು. ಮುಂದಿನ ಸುತ್ತಿನ ಆದೇಶಗಳನ್ನು ಕಳುಹಿಸಬೇಕು. ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ಟ್ರಾಕ್ ಕೇಂದ್ರದಲ್ಲಿ ಹಗಲು ರಾತ್ರಿ ನಡೆಯುವ ಕೆಲಸ ಇದು. ಅಲ್ಲಿ ಯುಗಾದಿಗೂ ರಜೆಯಿಲ್ಲ, ದೀಪಾವಳಿಗೂ ಇಲ್ಲ.

ಉಪಕರಣದ ಆರೋಗ್ಯವೆಂಬುದು ಇನ್ನೂ ಸೂಕ್ಷ್ಮ. ಸಫೀರ್ ಅಳೆಯುತ್ತಿದ್ದುದು ನೀರಾವಿ ಸೂಸುವ ಕ್ಷೀಣ ಮೈಕ್ರೋವೇವ್ ವಿಕಿರಣವನ್ನು. 183 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಅದಕ್ಕೆ 6 ಚಾನೆಲ್‌ಗಳಿದ್ದವು. ಒಂದು ಚಾನೆಲ್ ಮೇಲಿನ ಪದರದ ತೇವವನ್ನು ಹೇಳಿದರೆ ಮತ್ತೊಂದು ಕೆಳಗಿನದನ್ನು ಹೇಳುತ್ತಿತ್ತು. ಈ ಅಳತೆಯನ್ನು ನಂಬುವುದು ಹೇಗೆ? ಪ್ರತಿ ಸಲ ಭೂಮಿಯನ್ನು ನೋಡುವಾಗಲೂ ಉಪಕರಣವು ಉಷ್ಣತೆ ಗೊತ್ತಿರುವ ಒಂದು ಬೆಚ್ಚನೆಯ ವಸ್ತುವನ್ನೂ, ಬಳಿಕ ಸುಮಾರು ಮೈನಸ್ 270 ಡಿಗ್ರಿಯ ಬರಿಯ ಆಕಾಶವನ್ನೂ ನೋಡುತ್ತದೆ. ಗೊತ್ತಿರುವ ಈ ಎರಡರ ನಡುವೆ ಗೊತ್ತಿಲ್ಲದ್ದನ್ನು ಇಟ್ಟು ತೂಗುತ್ತದೆ. ವಯಸ್ಸಾದಂತೆ ಗದ್ದಲ ಹೆಚ್ಚುತ್ತದೆ, ತೂಕ ವಾಲುತ್ತದೆ. ಎಷ್ಟು ವಾಲಿತು, ಎಂದಿನಿಂದ ವಾಲಿತು ಎಂದು ಬರೆದಿಡುವವನೊಬ್ಬ ಇದ್ದರೆ ಆ ಮಾಹಿತಿ ಬಳಕೆಗೆ ಬರುತ್ತದೆ. ಅವನಿಲ್ಲದಿದ್ದರೆ ಹೊಸ ಯಂತ್ರದ ಅಂಕಿಗೂ ಬೆಲೆಯಿಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ, ಮಳೆಮಾಪಕದಿಂದ ಕಲಿತದ್ದು. ನನ್ನ ವಿದ್ಯಾರ್ಥಿಗಳಾದ ನಿಮಗೆ ಅದು ನೆನಪಿರಬೇಕು. ಶಾಲೆಯ ಬಾವಿಯ ಪಕ್ಕ, ಮರದ ನೆರಳು ತಾಗದ ಕಡೆ, ನಾವು ಒಂದು ಮಳೆಮಾಪಕ ಇಟ್ಟಿದ್ದೆವು. ಬೆಳಿಗ್ಗೆ ಎಂಟೂವರೆಗೆ ಒಬ್ಬ ಅಳೆಯಬೇಕು, ಇನ್ನೊಬ್ಬ ಬರೆಯಬೇಕು. ಭಾನುವಾರ ನಾನೇ ಹೋಗುತ್ತಿದ್ದೆ. ಒಂದು ಮಳೆಗಾಲದಲ್ಲಿ ಡಬ್ಬಿಯ ತಳ ಸೋರುತ್ತಿದೆಯೆಂದು ಏಳನೆಯ ತರಗತಿಯ ಹುಡುಗಿಯೊಬ್ಬಳು ಕಂಡುಹಿಡಿದಳು. ಅಳೆದ ನೀರನ್ನು ಸುರಿದು, ಒಂದು ಗಂಟೆ ಬಿಟ್ಟು ಮತ್ತೆ ಅಳೆದು, ಎಷ್ಟು ಸೋರಿತೆಂದು ಪುಸ್ತಕದ ಅಂಚಿನಲ್ಲಿ ಬರೆದಳು. ಆ ಅಂಚಿನ ಬರಹ ಇದ್ದುದರಿಂದ ಆ ವರ್ಷದ ಅಂಕಿಗಳು ಹಾಳಾಗಲಿಲ್ಲ. ದೋಷವಿರುವ ಯಂತ್ರ ನಿರುಪಯುಕ್ತವಲ್ಲ, ದೋಷವನ್ನು ಬಚ್ಚಿಟ್ಟ ಯಂತ್ರ ನಿರುಪಯುಕ್ತ.

ನಾನು ನಿವೃತ್ತನಾದ ಮೂರನೆಯ ವರ್ಷ ಶಾಲೆಗೆ ಹೋದಾಗ ಮಳೆಮಾಪಕದ ಜಾಗದಲ್ಲಿ ಸೈಕಲ್ ಸ್ಟಾಂಡ್ ಇತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಪುಸ್ತಕಗಳನ್ನು ಹಳೆಯ ಕಾಗದದೊಂದಿಗೆ ಗುಜರಿಗೆ ಕೊಟ್ಟಾಗಿತ್ತು. ಯಾರನ್ನೂ ದೂರಲಾರೆ. ಶಾಲೆಗೆ ಹೊಸ ಕಂಪ್ಯೂಟರ್ ಕೊಠಡಿ ಬಂದಿತ್ತು, ಅದರ ಉದ್ಘಾಟನೆಗೇ ನನ್ನನ್ನು ಕರೆದದ್ದು. ನಾನೂ ರಿಬ್ಬನ್ ಹಿಡಿದು ನಿಂತೆ. ಚಪ್ಪಾಳೆಯ ನಡುವೆ ನನ್ನ ಕಣ್ಣು ಸೈಕಲ್ ಸ್ಟಾಂಡಿನ ಕಡೆಗೇ ಹೋಗುತ್ತಿತ್ತು. ಹೊಸದನ್ನು ಉದ್ಘಾಟಿಸಲು ನಮ್ಮಲ್ಲಿ ಅತಿಥಿಗಳಿದ್ದಾರೆ, ಹಳೆಯದನ್ನು ಒರೆಸಿಡಲು ಜನವಿಲ್ಲ.

ಉಪಗ್ರಹಗಳ ವಿಷಯದಲ್ಲಿ ನಮ್ಮ ನಾಡು ಈ ಮಾತಿಗೆ ಅಪವಾದ ಎಂಬುದೇ ನನ್ನ ಹೆಮ್ಮೆ. 1983ರಲ್ಲಿ ಇನ್ಸಾಟ್-1ಬಿ ಮೇಲೇರಿದಾಗ ಅದರ ಸೌರಫಲಕ ಬಿಚ್ಚಿಕೊಳ್ಳಲಿಲ್ಲ. ಹಿಂದಿನ ವರ್ಷವಷ್ಟೇ ಇನ್ಸಾಟ್-1ಎ ಕೈತಪ್ಪಿತ್ತು. ಹಾಸನದ ನಿಯಂತ್ರಣ ಕೇಂದ್ರದಲ್ಲಿ ದಿನಗಟ್ಟಲೆ ಪ್ರಯತ್ನಿಸಿ ಫಲಕವನ್ನು ಬಿಡಿಸಿದರು. ಅದೇ ಉಪಗ್ರಹ ಮುಂದೆ ವರ್ಷಗಟ್ಟಲೆ ದೂರದರ್ಶನವನ್ನೂ ಮೋಡದ ಚಿತ್ರಗಳನ್ನೂ ಕೊಟ್ಟಿತು. 2002ರ ಸೆಪ್ಟೆಂಬರ್‌ನಲ್ಲಿ ಹೋದ ಮೆಟ್‌ಸ್ಯಾಟ್‌ಗೆ, ಮರುವರ್ಷ ಕಲ್ಪನಾ ಚಾವ್ಲಾ ತೀರಿಕೊಂಡಾಗ ಕಲ್ಪನಾ-1 ಎಂದು ಹೆಸರಿಟ್ಟರು. ಏಳು ವರ್ಷಕ್ಕೆಂದು ರೂಪಿಸಿದ್ದು 2017ರವರೆಗೆ ದುಡಿಯಿತು. ಹೆಸರಿಟ್ಟ ದಿನ ನಮಗೆಲ್ಲ ನೆನಪಿದೆ, ದುಡಿಸಿದವರು ಯಾರೆಂದು ಯಾರೂ ಕೇಳಲಿಲ್ಲ.

"ವಿಫಲ" ಎಂಬ ಪದವನ್ನು ನಾವು ಎಷ್ಟು ಹಗುರವಾಗಿ ಬಳಸುತ್ತೇವೆ! ನಮ್ಮ ಪಕ್ಕದ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾಯರ ನೇತೃತ್ವದಲ್ಲಿ, ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾದ ಆರ್ಯಭಟ 1975ರ ಏಪ್ರಿಲ್ 19ರಂದು ಏರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ನಿಂತವು. ಆದರೂ ಅದರ ಚಿತ್ರವನ್ನು ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ಅಚ್ಚುಮಾಡಿ ಕಿಸೆಯಲ್ಲಿಟ್ಟು ತಿರುಗಿದೆವು. ಅದು ಸರಿಯೇ ಆಗಿತ್ತು. ಉಪಗ್ರಹವನ್ನು ಕಟ್ಟುವುದನ್ನೂ ನೆಲದಿಂದ ನಡೆಸುವುದನ್ನೂ ಅದು ಕಲಿಸಿತು. ಆರ್ಯಭಟಕ್ಕೆ ತೋರಿದ ನ್ಯಾಯವನ್ನು ಮೇಘಾ-ಟ್ರಾಪಿಕ್ಸ್‌ಗೆ ತೋರಲು ನಮಗೇನು ಕಷ್ಟ?

ಇನ್ನು "ಸಮುದ್ರಕ್ಕೆ ಬಿಸಾಡಿದರು" ಎಂಬ ಮಾತು. ಸುಮಾರು ಒಂದು ಟನ್ ತೂಕದ ಆ ಉಪಗ್ರಹವನ್ನು ಬಿಟ್ಟಿದ್ದರೆ ಅದು ನೂರು ವರ್ಷಕ್ಕೂ ಹೆಚ್ಚು ಕಾಲ ಸುತ್ತುತ್ತಿತ್ತು. ಅದರಲ್ಲಿ ಸುಮಾರು 125 ಕಿಲೋ ಇಂಧನ ಉಳಿದಿತ್ತು, ಅಂದರೆ ಒಡೆದು ಚೂರಾಗುವ ಅಪಾಯವೂ ಇತ್ತು. 2022ರ ಆಗಸ್ಟ್‌ನಿಂದ 20 ಬಾರಿ ಎಂಜಿನ್ ಉರಿಸಿ ಹಂತಹಂತವಾಗಿ ಕಕ್ಷೆಯನ್ನು ತಗ್ಗಿಸಿದರು. 2023ರ ಮಾರ್ಚ್ 7ರ ಸಂಜೆ 4.32ಕ್ಕೊಮ್ಮೆ, 6.21ಕ್ಕೊಮ್ಮೆ, ಪ್ರತಿ ಬಾರಿ ಸುಮಾರು 20 ನಿಮಿಷ ಉರಿಸಿ, ಜನವಸತಿಯಿಲ್ಲದ ಪೆಸಿಫಿಕ್ ಸಾಗರದ ಮೇಲೆ ಅದನ್ನು ವಾತಾವರಣಕ್ಕೆ ಇಳಿಸಿದರು. ಹೀಗೆ ಇಳಿಸಲೆಂದು ಅದನ್ನು ಕಟ್ಟಿಯೇ ಇರಲಿಲ್ಲ. ಹಲವು ವ್ಯವಸ್ಥೆಗಳಿಗೆ ಬದಲಿ ಇರಲಿಲ್ಲ, ಉಳಿದವು ಬಳಲಿದ್ದವು. ಯಾವ ಅಂಗ ಎಷ್ಟು ಸವೆದಿದೆ ಎಂದು ತಿಳಿದವರು ಮಾತ್ರ ಇದನ್ನು ಮಾಡಬಲ್ಲರು. ಹನ್ನೊಂದು ವರ್ಷದ ದಿನಚರಿ ಆ ಸಂಜೆ ಕೆಲಸಕ್ಕೆ ಬಂತು.

ಯುರೋಪಿನ ಎನ್ವಿಸ್ಯಾಟ್ ಎಂಬ ಎಂಟು ಟನ್ನಿನ ಉಪಗ್ರಹವೂ ವಾತಾವರಣವನ್ನು ಅಧ್ಯಯನ ಮಾಡುತ್ತಿತ್ತು. 2002ರಲ್ಲಿ ಹೋಗಿ, ಐದು ವರ್ಷದ ಆಯುಷ್ಯಕ್ಕೆ ಹತ್ತು ವರ್ಷ ದುಡಿದು, 2012ರ ಏಪ್ರಿಲ್‌ನಲ್ಲಿ ಒಮ್ಮೆಲೇ ಮೌನವಾಯಿತು. ಅದು ಇಂದಿಗೂ ಯಾರ ಮಾತನ್ನೂ ಕೇಳದೆ ನಮ್ಮ ತಲೆಯ ಮೇಲೆ ಸುತ್ತುತ್ತಿದೆ. ಅಷ್ಟು ನಿಪುಣರ ಕೈಯಲ್ಲಿದ್ದದ್ದಕ್ಕೇ ಹೀಗಾದ ಮೇಲೆ, ಮಾತು ಕೇಳುತ್ತಿರುವಾಗಲೇ ಗೌರವದಿಂದ ಇಳಿಸಿದ್ದು ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಹಳೆಯ ಉಪಗ್ರಹವನ್ನು ಎಂದೆಂದಿಗೂ ಸಾಕಬೇಕೆಂದು ನಾನು ಹೇಳುವುದಿಲ್ಲ. ಅದಕ್ಕೂ ಹಣ ಬೇಕು, ಜನ ಬೇಕು. ಎಂದು ಸಾಕು ಎನ್ನಬೇಕೆಂಬ ತೀರ್ಮಾನ ಮಾಡಬಲ್ಲವರು ದಿನವೂ ಅದರ ಪಕ್ಕ ಕುಳಿತವರು, ಚಪ್ಪರದಲ್ಲಿ ಕುಳಿತವರಲ್ಲ.

ಇದರಿಂದ ಮಂಗಳೂರಿಗೇನು ಎನ್ನುವಿರಾದರೆ ಒಮ್ಮೆ ದಕ್ಕೆಗೆ ಹೋಗಿ ಬನ್ನಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕಡಲಿನಲ್ಲಿ ಹಾದುಹೋದಾಗ ಉಳ್ಳಾಲ, ಸೋಮೇಶ್ವರಗಳ ತೀರವನ್ನು ಅಲೆ ಕೊರೆದದ್ದನ್ನು ನೀವು ಮರೆತಿರಲಾರಿರಿ. ಬೋಟುಗಳು ಮರಳಿ ಬರಬೇಕೆಂಬ ಎಚ್ಚರಿಕೆ ಯಾವುದೋ ಒಂದು ಉಪಗ್ರಹ ಕೊಟ್ಟ ವರವಲ್ಲ. ಹಲವು ಉಪಗ್ರಹಗಳ, ಹಡಗುಗಳ, ನೆಲದ ಮಾಪಕಗಳ ಸಾವಿರಾರು ಬೇಸರದ ಅಂಕಿಗಳು ಕೂಡಿದಾಗ ಅಂಥದೊಂದು ಎಚ್ಚರಿಕೆ ಹುಟ್ಟುತ್ತದೆ. ಆ ಅಂಕಿಗಳಲ್ಲಿ ಒಂದು ಸುಳ್ಳಾದರೆ ಬೆಲೆ ತೆರುವವರು ಬೋಟಿನಲ್ಲಿರುವ ನಮ್ಮವರು.

ಕೊನೆಗೆ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ವಿದೇಶದಿಂದ ಬಂದವರಿಗೂ ಉದ್ಯಮಿಗಳಿಗೂ ಶಾಲು ಹೊದಿಸಿದರು. ನಾನೂ ವೇದಿಕೆಯಲ್ಲಿದ್ದೆ. ಹಿಂದಿನ ಸಾಲಿನಲ್ಲಿ, ಉಪಗ್ರಹಗಳ ನಿಯಂತ್ರಣದಲ್ಲಿ ವರ್ಷಗಟ್ಟಲೆ ರಾತ್ರಿಪಾಳಿ ಮಾಡಿದ ನನ್ನ ಶಿಷ್ಯನೊಬ್ಬ ಕುಳಿತಿದ್ದ. ಕಾರ್ಯಕ್ರಮ ಮುಗಿದ ಮೇಲೆ ನಾನು ಪೇಚಾಡಿದಾಗ ಅವನು ನಕ್ಕು, "ಬಿಡಿ ಮಾಷ್ಟ್ರೇ, ಯಾವ ರಾಕೆಟ್ ಬಿಟ್ಟದ್ದು ಅಂತ ಕೇಳ್ತಾರೆ. ಬಿಟ್ಟದ್ದಲ್ಲ, ನೋಡಿಕೊಂಡದ್ದು ಅಂದ್ರೆ ಮಾತೇ ನಿಲ್ತದೆ. ಆದರೆ ಮಳೆಪುಸ್ತಕ ಬರೆಸಿದ್ದು ನೀವೇ ಅಲ್ವಾ?" ಎಂದ. ಒಂದು ಮಾತು ಎದ್ದುನಿಂತು ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ. ಆ ಸಂಕೋಚಕ್ಕೆ ಈ ಬರಹ ಪ್ರಾಯಶ್ಚಿತ್ತ.

ನಿಮ್ಮಲ್ಲಿ ಹಲವರು ಇಂದು ಶಾಲಾ ಸಮಿತಿಗಳಲ್ಲಿದ್ದೀರಿ, ಶಿಕ್ಷಕರಾಗಿದ್ದೀರಿ, ಪತ್ರಿಕೆಗಳಲ್ಲಿದ್ದೀರಿ. ಮುಂದಿನ ಜೂನ್ ಒಂದಕ್ಕೆ ಒಂದೊಂದು ಶಾಲೆಯಲ್ಲಿ ಒಂದು ಮಳೆಮಾಪಕ ಇಡಿಸಿ, ಅದರ ಪುಸ್ತಕಕ್ಕೆ ಕಪಾಟಿನಲ್ಲಿ ಬೀಗದ ಜಾಗ ಕೊಡಿಸಿ. ಉಡಾವಣೆಯ ದಿನ ಬರೆಯುವ ಪತ್ರಕರ್ತರು ಐದನೆಯ ವರ್ಷವೂ ಒಮ್ಮೆ ಅದೇ ಉಪಗ್ರಹದ ಆರೋಗ್ಯ ವಿಚಾರಿಸಿ ಬರೆಯಲಿ. ಸನ್ಮಾನಕ್ಕೆ ಪಟ್ಟಿ ಮಾಡುವಾಗ ಹಾರಿಸಿದವರ ಹೆಸರಿನ ಕೆಳಗೆ ಕಾದವರಿಗೂ ಒಂದು ಸಾಲು ಬಿಡಿ.

ಅಳಿಯನಿಗೆ ಒಂದು ಮಾತು: ಹೊಸ ಮನೆಯ ಗೃಹಪ್ರವೇಶ ಚೆನ್ನಾಗಿಯೇ ಆಯಿತು. ಆದರೆ ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಮಾಡಿಗೆ ಹತ್ತಿ ಹಂಚು ನೋಡುವವನು ಯಾರೆಂದು ಈಗಲೇ ಗೊತ್ತುಮಾಡಿಕೊಳ್ಳಿ. ಮನೆ ನಿಲ್ಲುವುದು ಅವನಿಂದ.