ಉತ್ತರವೆಂದರೆ ಯಾರಿಗೆ ಉತ್ತರ?

2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸಭೆ ಸೇರಿದ ರಾಜ್ಯ ಸಚಿವ ಸಂಪುಟವು ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ‘ಬೆಂಗಳೂರು ಉತ್ತರ’ ಎಂದು ಕರೆಯಲು ತೀರ್ಮಾನಿಸಿತು. ಎಲ್ಲಿ ನಿಂತು ಈ ದಿಕ್ಕನ್ನು ಗುರುತಿಸಲಾಯಿತೆಂದು ಯಾರೂ ಕೇಳಬೇಕಾಗಿಲ್ಲ. ಗುರುತಾದರೂ ನೆಟ್ಟಗಿದೆಯೇ? ಹೊಸಕೋಟೆ ನಗರಕ್ಕೆ ಪೂರ್ವದಲ್ಲಿದೆ, ನೆಲಮಂಗಲ ವಾಯವ್ಯದಲ್ಲಿದೆ. 1986ರಲ್ಲಿ ಎಂಟು ತಾಲ್ಲೂಕುಗಳೊಡನೆ ಹುಟ್ಟಿ, 2007ರಲ್ಲಿ ರಾಮನಗರ ಬೇರ್ಪಟ್ಟ ಮೇಲೆ ನಾಲ್ಕಕ್ಕೆ ಇಳಿದ ಜಿಲ್ಲೆಯಿದು. ಅದರ ಹೆಸರಿನಲ್ಲಿ ಹಳ್ಳಿಯವರದೆಂದು ಇದ್ದ ಪದ ‘ಗ್ರಾಮ’ ಒಂದೇ.

ಹೆಸರಿನಲ್ಲೇನಿದೆ ಎನ್ನುವವರು ನೀರಿನ ಚರಿತ್ರೆಯನ್ನು ನೋಡಲಿ. ಈ ಸೀಮೆಗೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ನಂದಿ, ಮಾಕಳಿದುರ್ಗದ ಬೆಟ್ಟಗಳ ಮೇಲೆ ಬಿದ್ದ ಮಳೆ ರಾಜಕಾಲುವೆಗುಂಟ ಇಳಿದು, ಕೆರೆಯಿಂದ ಕೆರೆಗೆ ಕೋಡಿ ಹರಿದರಷ್ಟೇ ಅರ್ಕಾವತಿ. ಆ ನೀರನ್ನು 1894ರಲ್ಲಿ ಹೆಸರಘಟ್ಟದಿಂದಲೂ 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ ನಗರವು ಕೊಂಡೊಯ್ದಿತು. ಮರಳಿ ಬಂದದ್ದೇನು? ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ, ಎರಡೇ ಹಂತ ಸಂಸ್ಕರಿಸಿದ ಚರಂಡಿ ನೀರು! ದೊಡ್ಡಬಳ್ಳಾಪುರದ ದೊಡ್ಡತುಮಕೂರು, ಮಜರಾಹೊಸಹಳ್ಳಿ ಕೆರೆಗಳ ಪಾಲಿಗೆ ಬಂದದ್ದು ಪಟ್ಟಣದ ಕೊಳಚೆ ಮತ್ತು ಬಾಶೆಟ್ಟಿಹಳ್ಳಿ ಕಾರ್ಖಾನೆಗಳ ತ್ಯಾಜ್ಯ. (ನೀಲಗಿರಿ ನೆಟ್ಟು ಅಂತರ್ಜಲವನ್ನು ಬತ್ತಿಸಿದ್ದರಲ್ಲಿ ಅರಣ್ಯ ಇಲಾಖೆಯೊಡನೆ ರೈತರ ಪಾಲೂ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ.)

ನೀರಾದ ಮೇಲೆ ನೆಲ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಅದರ ಸುತ್ತಲ ಹೊಲಗಳು ಅಂದಿನಿಂದ ‘ಖಾಲಿ ಜಾಗ’ವೆನಿಸಿದವು. ರಾಗಿ, ದ್ರಾಕ್ಷಿ, ಹಿಪ್ಪುನೇರಳೆ, ಚಕ್ಕೋತ ಬೆಳೆಯುವ ಮಣ್ಣು ಖಾಲಿಯೇ? ಹಿಪ್ಪುನೇರಳೆಯ ಒಂದು ಎಕರೆ ವರ್ಷಕ್ಕೆ ಹಲವು ಬಾರಿ ಸೊಪ್ಪು ಕೊಟ್ಟು, ಹುಳು ಸಾಕುವವರಿಗೂ ನೂಲು ಬಿಚ್ಚುವವರಿಗೂ ಕೆಲಸವಾಗುತ್ತದೆ. ಮಾರಿದ ಎಕರೆ ಒಮ್ಮೆ ಮಾತ್ರ ಹಣ ಕೊಡುತ್ತದೆ, ಅದೂ ಪಹಣಿಯಲ್ಲಿ ಹೆಸರಿದ್ದವನಿಗೆ, ಕೂಲಿಯವಳಿಗಲ್ಲ. ಕೈಗಾರಿಕೆಯೇ ಬೇಡವೆಂದು ಇದರ ಅರ್ಥವಲ್ಲ. ದೊಡ್ಡಬಳ್ಳಾಪುರದ ನೇಕಾರರ ಮಗ್ಗಗಳೂ ಕೈಗಾರಿಕೆಯೇ. ಅವು ಮನೆಯೊಳಗೇ ನಿಂತು ಅನ್ನ ಕೊಟ್ಟವು.

ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳು 1,777 ಎಕರೆಯ ಸ್ವಾಧೀನದ ವಿರುದ್ಧ 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕುಳಿತವು. 2025ರ ಜುಲೈ 15ರಂದು, ಹೆಸರು ಬದಲಿಸಲು ತೀರ್ಮಾನಿಸಿದ ಹದಿಮೂರೇ ದಿನಗಳಿಗೆ, ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನವನ್ನು ಕೈಬಿಟ್ಟುದಾಗಿ ಘೋಷಿಸಿದರು. ಆದರೆ ಸ್ವಇಚ್ಛೆಯಿಂದ ಕೊಡುವವರ ಭೂಮಿಯನ್ನು ಕೊಳ್ಳುವುದಾಗಿಯೂ ಅದೇ ಮಾತಿನಲ್ಲಿ ಹೇಳಿದರು. ಬೇಲಿಯ ಆ ಕಂಡಿಯನ್ನು ಈಗಲೇ ಕಾಯಬೇಕು. ಯಾವ ಸರ್ವೆ ನಂಬರು, ಯಾರ ಸಹಿ, ಆ ಹೊಲದ ಕೂಲಿಯವರ ಗತಿಯೇನು ಎಂಬುದನ್ನು ಪ್ರತಿ ಗ್ರಾಮಸಭೆಯೂ ಬಹಿರಂಗವಾಗಿ ಕೇಳಲಿ. ಕೆರೆಗೆ ಬರುವ ನೀರಿನ ಪರೀಕ್ಷಾ ವರದಿಯನ್ನು ಪಂಚಾಯಿತಿಯ ಗೋಡೆಗೆ ಕನ್ನಡದಲ್ಲಿ ಅಂಟಿಸಬೇಕೆಂದು ಠರಾವು ಮಾಡಲಿ.